ಕಡುಬಿನಲ್ಲಿ ಎಷ್ಟು ಕ್ಯಾಲೊರಿ? ತಕ್ಕಡಿ ಹೇಳಲಿ

ಅಂಗಡಿಯ ಬಿಸ್ಕತ್ತಾದರೆ ಪೊಟ್ಟಣದ ಹಿಂದೆಯೇ ಕ್ಯಾಲೊರಿ ಅಚ್ಚಾಗಿರುತ್ತದೆ. ಮನೆಯ ಹಬೆ ಪಾತ್ರೆಯಿಂದ ಇಳಿದ ಕಡುಬಿಗೆ ಅಂಥ ಚೀಟಿ ಇಲ್ಲ. ಮೊಬೈಲಿನಲ್ಲಿ ಹುಡುಕಿದರೆ ಹೂರಣ ತುಂಬಿದ ಕರಿಗಡುಬಿನ ಅಂಕಿ ಎದುರಾಗುತ್ತದೆ. ನಮ್ಮ ಅಕ್ಕಿತರಿ ಕಡುಬಿಗೂ ಅದಕ್ಕೂ ಹೆಸರಷ್ಟೇ ಸಮಾನ. ಹಾಗಾಗಿ ಲೆಕ್ಕ ನಾವೇ ಹಾಕಿಕೊಳ್ಳಬೇಕು. ಕಷ್ಟವೇನಿಲ್ಲ: ಹಾಕುವ ಸಾಮಾನನ್ನೆಲ್ಲ ಹಸಿಯಲ್ಲಿ ತೂಗಿ ಕ್ಯಾಲೊರಿ ಕೂಡಿಸುವುದು, ಬಂದ ಮೊತ್ತವನ್ನು ಬೆಂದ ಅಡುಗೆಯ ತೂಕದಿಂದ ಭಾಗಿಸುವುದು.

ಬೇಕಾದದ್ದು ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ, ಐದು ಕೆಜಿವರೆಗೆ ತೂಗುವ ಅಡುಗೆಮನೆ ತಕ್ಕಡಿ. ಸೆಲ್ ಹಾಕುವಂಥದ್ದಾದರೆ ಒಳ್ಳೆಯದು, ಮಳೆಗಾಲದಲ್ಲಿ ಕರೆಂಟಿನ ಹಂಗಿರುವುದಿಲ್ಲ. ಪಾವು, ಲೋಟ, ಕಪ್ಪುಗಳ ಅಳತೆ ಈ ಕೆಲಸಕ್ಕೆ ಆಗದು. ಅದೇ ಕಪ್ಪಿಗೆ ಕಾಯಿತುರಿಯನ್ನು ಸಡಿಲವಾಗಿ ತುಂಬಿದರೆ ಒಂದು ತೂಕ, ಒತ್ತಿ ತುಂಬಿದರೆ ಇನ್ನೊಂದು. ಅಡುಗೆ ಪಾತ್ರೆಗಳ ಖಾಲಿ ತೂಕವನ್ನು ಮೊದಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಅಡುಗೆ ಮುಗಿದ ಮೇಲೆ ಪಾತ್ರೆ ಸಮೇತ ತೂಗಿ ಅದನ್ನು ಕಳೆದರಾಯಿತು.

ಇನ್ನು ಅಂಕಿಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕ ನಮ್ಮ ಸಾಮಾನುಗಳಿಗೆ ಹೆಚ್ಚು ಹೊಂದುತ್ತದೆ. ಒಂದು ಎಚ್ಚರಿಕೆ: ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸಿದರೆ ಕಿಲೋಕ್ಯಾಲೊರಿ, ಅಂದರೆ ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದು, ಸಿಗುತ್ತದೆ. 100 ಗ್ರಾಂ ಬೆಳ್ತಿಗೆ ಅಕ್ಕಿಗೆ ಸುಮಾರು 356, ಹಸಿ ತೆಂಗಿನಕಾಯಿಗೆ 410, ಬೆಲ್ಲಕ್ಕೆ 355, ಎಣ್ಣೆ ತುಪ್ಪಗಳಿಗೆ 900. ಕೆಂಪಕ್ಕಿಯಲ್ಲಿ ಕ್ಯಾಲೊರಿ ಕಡಿಮೆ ಎಂಬ ನಂಬಿಕೆಯಿದೆ. ನಾರು ಹೆಚ್ಚು ನಿಜ, ಕ್ಯಾಲೊರಿ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಈಗ ಕಡುಬು. ಅಕ್ಕಿತರಿ 500 ಗ್ರಾಂ, ಅಂದರೆ 1,780 ಕ್ಯಾಲೊರಿ. ಕಾಯಿತುರಿ 50 ಗ್ರಾಂ, 205. ತುಪ್ಪ 10 ಗ್ರಾಂ, 90. ಉಪ್ಪಿಗೂ ನೀರಿಗೂ ಸೊನ್ನೆ. ಒಟ್ಟು 2,075. ತರಿಯನ್ನು ಕುದಿಯುವ ನೀರಿನಲ್ಲಿ ಉಕ್ಕರಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ ಇಳಿಸಿದ ಮೇಲೆ ಎಲ್ಲ ಕಡುಬನ್ನೂ ಒಟ್ಟಿಗೆ ತೂಗಿ. 1,500 ಗ್ರಾಂ ಬಂತೆನ್ನಿ. 2,075ನ್ನು 1,500ರಿಂದ ಭಾಗಿಸಿದರೆ ಗ್ರಾಂಗೆ 1.38. ಒಂದು ಕಡುಬು 75 ಗ್ರಾಂ ಇದ್ದರೆ ಸುಮಾರು 104 ಕ್ಯಾಲೊರಿ, ನಾಲ್ಕು ತಿಂದರೆ 415.

ಹೆಚ್ಚಿನವರು ಎಡವುವುದು ಇಲ್ಲೇ. ತಟ್ಟೆಯ 300 ಗ್ರಾಂ ಕಡುಬನ್ನು ತೂಗಿ, ಅದಕ್ಕೆ ಹಸಿ ಅಕ್ಕಿಯ 356ನ್ನು ಅನ್ವಯಿಸಿಬಿಡುತ್ತಾರೆ. ಆಗ 1,068 ಬರುತ್ತದೆ, ನಿಜವಾದದ್ದರ ಎರಡೂವರೆ ಪಟ್ಟು! ತರಿ ಹೀರಿಕೊಂಡ ಸುಮಾರು ಒಂದು ಲೀಟರ್ ನೀರಿಗೂ ಕ್ಯಾಲೊರಿ ಕಟ್ಟಿದಂತಾಯಿತು. ನೀರು ಎಷ್ಟು ಎಂಬುದು ಮನೆಯಿಂದ ಮನೆಗೆ, ಅಕ್ಕಿಯಿಂದ ಅಕ್ಕಿಗೆ ಬದಲಾಗುವುದರಿಂದಲೇ ಬೆಂದ ತೂಕವನ್ನು ಪ್ರತಿಸಲ ತೂಗಬೇಕು. ನಿನ್ನೆಯ ಕಡುಬು ಒಣಗಿ ಹಗುರಾಗಿರುತ್ತದೆ, ಅದಕ್ಕೆ ನಿನ್ನೆಯ 1.38 ಸರಿಹೊಂದದು. ಅದನ್ನು ಪುಡಿಮಾಡಿ ಒಗ್ಗರಣೆ ಹಾಕಿದಿರಾದರೆ ಎಣ್ಣೆಯನ್ನೂ ಕೂಡಿಸಿ.

ಪಕ್ಕದ ಚಟ್ನಿಗೆ ಬನ್ನಿ. ಕಾಯಿ 100 ಗ್ರಾಂ 410, ಹುರಿಗಡಲೆ 20 ಗ್ರಾಂ 74, ಒಗ್ಗರಣೆ ಎಣ್ಣೆ 10 ಗ್ರಾಂ 90. ಹಸಿಮೆಣಸು, ಹುಣಸೆಹಣ್ಣಿನ ಚೂರು, ಕರಿಬೇವುಗಳನ್ನು ಬಿಟ್ಟುಬಿಡಿ. ಒಟ್ಟು 574, ರುಬ್ಬಿದ ಚಟ್ನಿ 260 ಗ್ರಾಂ, ಗ್ರಾಂಗೆ 2.2. ತೂಕಕ್ಕೆ ತೂಕ ಇಟ್ಟು ನೋಡಿದರೆ ಚಟ್ನಿಯೇ ಕಡುಬಿಗಿಂತ ಭಾರಿ. 40 ಗ್ರಾಂ ಹಾಕಿಸಿಕೊಂಡರೆ 88. ಮೇಲೆ ಬಿಸಿ ಕಡುಬಿಗೆ ಎರಡು ಚಮಚ ತುಪ್ಪ ಸುರಿದರೆ ಇನ್ನೊಂದು ಕಡುಬು ತಿಂದಷ್ಟೇ ಆಯಿತು. ಆದ್ದರಿಂದ ಸೊಪ್ಪು, ಕಳಲೆ, ಮಸಾಲೆಗಳನ್ನು ತೂಗುವಾಗ ಐದಾರು ಗ್ರಾಂ ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. ಕಾಯಿ, ಎಣ್ಣೆ, ತುಪ್ಪಗಳಲ್ಲಿ ಮಾತ್ರ ಕಣ್ಣಳತೆ ಬೇಡ.

ಎಣ್ಣೆಗೆ ಬಾಟಲಿಯನ್ನೇ ತೂಗುವುದು ಸುಲಭ. ಸುರಿಯುವ ಮೊದಲೊಮ್ಮೆ, ಆಮೇಲೊಮ್ಮೆ. ಹಲಸಿನ ಹಪ್ಪಳ, ಸಂಡಿಗೆ ಕರಿಯುವಾಗ ಬಾಣಲೆಗೆ ಹಾಕಿದ ಎಣ್ಣೆಯನ್ನೆಲ್ಲ ಲೆಕ್ಕಕ್ಕೆ ಹಿಡಿಯಬಾರದು. 500 ಗ್ರಾಂ ಹಾಕಿ ಕರಿದು, ತಣ್ಣಗಾದ ಮೇಲೆ ಸೋಸಿ ತೂಗಿದಾಗ 430 ಉಳಿದಿದ್ದರೆ, ಕರಿದ ತಿಂಡಿಗೆ ಸೇರಿದ್ದು 70 ಗ್ರಾಂ, 630 ಕ್ಯಾಲೊರಿ. ಜಾಲರಿಗೆ ಮೆತ್ತಿದ್ದು, ಸಿಡಿದದ್ದು ಅದರೊಳಗೇ ಸೇರಿರುವುದರಿಂದ ಅಂಕಿ ತುಸು ಹೆಚ್ಚೇ ಬರುತ್ತದೆ.

ಕಾಯಿಹಾಲಿನ ಲೆಕ್ಕ ಇಷ್ಟು ಸರಳವಲ್ಲ. ಹಿಂಡಿ ಬಿಟ್ಟ ತುರಿಯಲ್ಲೂ ಒಂದಿಷ್ಟು ಜಿಡ್ಡು ಉಳಿಯುತ್ತದೆ, ಎಷ್ಟು ಎಂಬುದು ಕೈಯ ಬಲಕ್ಕೆ ಬಿಟ್ಟದ್ದು. ಇಡೀ ಕಾಯಿಯ ಕ್ಯಾಲೊರಿ ಬರೆದು, ‘ಇದಕ್ಕಿಂತ ಹೆಚ್ಚಿಲ್ಲ’ ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಜೋನಿ ಬೆಲ್ಲಕ್ಕೆ ಅಚ್ಚು ಬೆಲ್ಲದ ಅಂಕಿ ಹಾಕಬೇಡಿ, ಅದರಲ್ಲಿ ಸುಮಾರು ಮೂರನೇ ಒಂದು ಭಾಗ ನೀರೇ. ಹಲಸಿನ ಹಣ್ಣಿನ ಕಡುಬಾದರೆ ಬೀಜ ತೆಗೆದ ತೊಳೆಯನ್ನಷ್ಟೇ ತೂಗಿ. ಬೆಂದ ಮೇಲೆ ಬಾಳೆಲೆ ಬಿಚ್ಚಿ ತೂಗಿ, ಇಲ್ಲವಾದರೆ ಎಲೆಯ ಭಾರ ಗ್ರಾಂನ ಲೆಕ್ಕವನ್ನು ಕೆಡಿಸುತ್ತದೆ.

ಕೋಳಿ ಸಾರಿಗೆ ಇನ್ನೊಂದು ಕ್ರಮ. ಹಸಿ ಮಾಂಸದ ಅಂಕಿಗಳು ಸಾಮಾನ್ಯವಾಗಿ ಮೂಳೆ ಬಿಟ್ಟು ಕೊಟ್ಟವು, ಅಂಗಡಿಯವರು ತೂಗುವುದು ಮೂಳೆ ಸಮೇತ. ಒಮ್ಮೆ ಊಟವಾದ ಮೇಲೆ ತಟ್ಟೆಗಳಲ್ಲಿ ಉಳಿದ ಮೂಳೆಯನ್ನೆಲ್ಲ ಕೂಡಿಸಿ ತೂಗಿ, ಹಸಿ ತೂಕದಲ್ಲೂ ಬೆಂದ ತೂಕದಲ್ಲೂ ಕಳೆಯಿರಿ. ಮುಂದಿನ ಸಲ ಅದೇ ಅಂಗಡಿ, ಅದೇ ತುಂಡಾದರೆ ಅದೇ ಅನುಪಾತ ನಡೆಯುತ್ತದೆ. ಸಾರಿನಲ್ಲಿ ಮಸಾಲೆ ತಳಕ್ಕಿಳಿಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಕಲಕದೆ ಬಡಿಸಿದರೆ ಮೊದಲ ಸೌಟಿಗೂ ಕೊನೆಯ ಸೌಟಿಗೂ ಒಂದೇ ಅಂಕಿ ಸಲ್ಲದು.

ಕೊನೆಗೆ ಬಂದ ಸಂಖ್ಯೆಯನ್ನು ಹತ್ತಿರದ ಹತ್ತಕ್ಕೆ ತನ್ನಿ, 415ನ್ನು 420 ಎಂದು ಬರೆದರೆ ಸಾಕು. ಒಂದು ಕಾಯಿ ಬಲಿತದ್ದು, ಇನ್ನೊಂದು ಎಳೆಯದು. ಮಳೆಗಾಲದಲ್ಲಿ ಬೆಲ್ಲ ಬೆವರಿ ನೀರು ಹೀರಿರುತ್ತದೆ. ಅಂಥದ್ದರ ಮುಂದೆ 415.3 ಎಂದು ದಶಮಾಂಶ ಹಿಡಿದು ಕೂರುವುದು ವ್ಯರ್ಥ. ಪುಸ್ತಕದಲ್ಲಿ ಅಡುಗೆಯ ಹೆಸರಿನ ಎದುರು ‘ಗ್ರಾಂಗೆ ಇಷ್ಟು’ ಎಂಬ ಒಂದು ಅಂಕಿ ಮತ್ತು ದಿನಾಂಕ ಇರಲಿ. ಅಕ್ಕಿ ಬದಲಾದಾಗ, ಕಾಯಿ ಹೆಚ್ಚು ಹಾಕಿದಾಗ ಹೊಸ ಸಾಲು ಬರೆಯಿರಿ.