ಫಾಲ್ಸ್ ಸೀಲಿಂಗಿನ ಬಿರುಕು: ಪುಟ್ಟಿ ಮೆತ್ತಿದರೂ ಮತ್ತೆ ಬರುವುದೇಕೆ?

ಜಿಪ್ಸಮ್ ಬೋರ್ಡಿನ ಸೀಲಿಂಗಿನಲ್ಲಿ ದಾರ ಹಿಡಿದು ಎಳೆದಂಥ ನೇರ ಬಿರುಕು ಕಂಡರೆ, ಅದು ಬಹುಮಟ್ಟಿಗೆ ಎರಡು ಬೋರ್ಡು ಸೇರುವ ಸಂದು. ಬಣ್ಣ ಹೊಡೆಸಿದಾಗಲೆಲ್ಲ ಪುಟ್ಟಿ ತುಂಬಿಸಿದರೂ ಅದೇ ಗೆರೆ ಮತ್ತೆ ಮೂಡುತ್ತದೆ. ಪುಟ್ಟಿ ಅಂಟಲ್ಲ, ಅಲುಗುವ ಬೋರ್ಡನ್ನು ಅದು ಹಿಡಿದಿಡಲಾರದು.

ಮೊದಲು ಬಿರುಕಿನ ಎರಡೂ ಬದಿ ಅಂಗೈಯಿಂದ ಮೇಲಕ್ಕೆ ಒತ್ತಿ. ಒಂದು ಅಂಚು ಮಾತ್ರ ಮೇಲೆದ್ದರೆ ಸ್ಕ್ರೂ ಸಡಿಲಾಗಿದೆ, ಅಥವಾ ಹಿಂದೆ ಆಧಾರವೇ ಇಲ್ಲ. ಕಂದು ಕಲೆಯಿದ್ದರೆ ಮೇಲಿನಿಂದಾಗುವ ಸೋರಿಕೆ ನಿಲ್ಲಿಸದೆ ಕೈ ಹಚ್ಚಬೇಡಿ. ಮೆತ್ತಗಾದ ಬೋರ್ಡನ್ನು ಕತ್ತರಿಸಿ ಬದಲಿಸುವುದೇ ಸರಿ. ಫ್ಯಾನ್ ಹತ್ತಿರದ ಬಿರುಕಾದರೆ ಅದರ ರಾಡು ನೋಡಿ: ಫ್ಯಾನು ಸ್ಲ್ಯಾಬಿನ ಕೊಕ್ಕೆಗೇ ತೂಗಬೇಕು, ರಾಡು ಬೋರ್ಡಿಗೆ ತಾಗಬಾರದು.

ಕೆಲಸಕ್ಕೆ ಮುಂಚೆ ಮೇನ್ ಆಫ್ ಮಾಡಿ, ಒಳಗೆ ವೈರುಗಳಿರುತ್ತವೆ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಬಿರುಕಿನ ಎರಡೂ ಕಡೆ ನಾಲ್ಕು ಇಂಚಿನಷ್ಟು ಹಳೆ ಪುಟ್ಟಿ, ಬಣ್ಣ ಕೆರೆದು, ಸಂದನ್ನು ಚಾಕುವಿನಿಂದ ವಿ ಆಕಾರಕ್ಕೆ ತೆರೆಯಿರಿ. ಬೋರ್ಡಿನ ಮೇಲ್ಮೈಗೆ ಅಂಟಿರುವ ಕಾಗದ ಹರಿಯದಂತೆ ಎಚ್ಚರ.

ಇನ್ನು ಸ್ಕ್ರೂ. ಇಡೀ ರಿಪೇರಿಯ ಜೀವ ಇಲ್ಲಿದೆ. ಅಯಸ್ಕಾಂತ ಆಡಿಸಿ ಜಿಐ ಚಾನೆಲ್ (ಬೋರ್ಡನ್ನು ಹಿಡಿದಿಡುವ, ಸತು ಲೇಪಿಸಿದ ಉಕ್ಕಿನ ಪಟ್ಟಿ) ಎಲ್ಲಿದೆ ಪತ್ತೆ ಮಾಡಿ. ಸಂದಿನ ಉದ್ದಕ್ಕೂ ಚಾನೆಲ್ ಇದ್ದರೆ, ಅಂಚಿನಿಂದ 10–15 ಮಿ.ಮೀ. ಒಳಗೆ, 150 ಮಿ.ಮೀ.ಗೊಂದರಂತೆ ಎರಡೂ ಬದಿ 25 ಮಿ.ಮೀ. ಡ್ರೈವಾಲ್ ಸ್ಕ್ರೂ (ಜಿಪ್ಸಮ್ ಬೋರ್ಡಿಗೆ ಬಳಸುವ ಸ್ಕ್ರೂ) ಹಾಕಿ. ಚಾನೆಲ್‌ಗಳು ಸಂದಿಗೆ ಅಡ್ಡವಾಗಿ ಸುಮಾರು 450 ಮಿ.ಮೀ.ಗೊಂದರಂತೆ ಹಾದಿದ್ದರೆ ಅವುಗಳ ಮೇಲಷ್ಟೇ ಸ್ಕ್ರೂ ನಿಲ್ಲುತ್ತದೆ. ನಡುವೆ ಬೋರ್ಡು ಇನ್ನೂ ಕುಣಿಯುತ್ತಿದ್ದರೆ ಹತ್ತಿರದ ಡೌನ್‌ಲೈಟ್ (ಸೀಲಿಂಗಿನ ತೂತಿನಲ್ಲಿ ಕೂರಿಸಿದ ದೀಪ) ಕಳಚಿ, ಆ ತೂತಿನಿಂದ ನಾಲ್ಕು ಇಂಚು ಅಗಲದ 12 ಮಿ.ಮೀ. ಪ್ಲೈ ಪಟ್ಟಿ ತೂರಿಸಿ, ಸಂದಿನ ಮೇಲೆ ಕೂರಿಸಿ, ಕೆಳಗಿನಿಂದ ಎರಡೂ ಬೋರ್ಡನ್ನು ಅದಕ್ಕೆ ಬಿಗಿಯಿರಿ. ಸ್ಕ್ರೂ ತಲೆ ಕಾಗದವನ್ನು ತುಸು ತಗ್ಗಿಸಬೇಕು, ಹರಿಯಬಾರದು. ಹರಿದರೆ ಅದು ಲೆಕ್ಕಕ್ಕಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಿ.

ಧೂಳು ಒರೆಸಿ, ಸಂದಿಗೆ ಜಾಯಿಂಟಿಂಗ್ ಕಾಂಪೌಂಡ್ (ಬೋರ್ಡಿನ ಸಂದು ಮುಚ್ಚಲೆಂದೇ ಸಿಗುವ ಲೇಪ) ತುಂಬಿ ಒಣಗಿಸಿ. ಗೋಡೆಗೆ ಬಳಿಯುವ ಸಿಮೆಂಟ್ ಪುಟ್ಟಿ ಇಲ್ಲಿ ಬೇಡ. ಬಳಿಕ ತೆಳುವಾಗಿ ಕಾಂಪೌಂಡ್ ಬಳಿದು, ಹಸಿಯಿರುವಾಗಲೇ 50 ಮಿ.ಮೀ. ಪೇಪರ್ ಟೇಪನ್ನು ಸಂದಿನ ನಡುಮಧ್ಯ ಕೂರಿಸಿ, ಆರಿಂಚಿನ ಬ್ಲೇಡಿನಿಂದ ಎಳೆದು ಗಾಳಿಗುಳ್ಳೆ ಹೊರಹಾಕಿ. ಟೇಪಿನಡಿ ಕಾಂಪೌಂಡ್ ಇಲ್ಲದ ಜಾಗ ಮುಂದೆ ಉಬ್ಬುತ್ತದೆ. ಬಲೆಯಂಥ ಫೈಬರ್ ಟೇಪು ಅಂಟಿಸಲು ಸುಲಭ, ಆದರೆ ಹಿಗ್ಗುತ್ತದೆ. ಮರುಕಳಿಸುವ ಬಿರುಕಿಗೆ ಕಾಗದದ್ದೇ ವಾಸಿ.

ಒಣಗಿದ ಮೇಲೆ ಎಂಟು ಇಂಚು ಅಗಲಕ್ಕೊಂದು, ಹನ್ನೆರಡು ಇಂಚು ಅಗಲಕ್ಕೊಂದು ತೆಳು ಕೋಟು. ನಡುವೆ 24 ಗಂಟೆ ಬಿಡಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅವಸರಕ್ಕೆ ದಪ್ಪ ಬಳಿದರೆ ಕುಗ್ಗಿ ಹೊಸ ಬಿರುಕು ಖಚಿತ. 220ರ ಎಮರಿ ಕಾಗದದಿಂದ ಹಗುರಾಗಿ ಉಜ್ಜಿ, ಪ್ರೈಮರ್, ನಂತರ ಬಣ್ಣ.

ಗೋಡೆ ಮತ್ತು ಸೀಲಿಂಗ್ ಕೂಡುವ ಮೂಲೆಯ ಬಿರುಕಿಗೆ ಮಾತ್ರ ಈ ದಾರಿ ಬೇಡ. ಅಲ್ಲಿ ಎರಡೂ ಬೇರೆಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ. ಹಳೆ ಪುಟ್ಟಿ ಕಿತ್ತು, ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ತುಂಬಿ. ಸಿಲಿಕೋನ್ ತಂದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.