ನಾನು ದೊಡ್ಡವನಾಗುವ ಲೆಕ್ಕವನ್ನು ಯಾರೂ ಹಾಕಿರಲಿಲ್ಲ

ನನಗೀಗ 26 ವರ್ಷ. ಸೋಮವಾರಪೇಟೆ ಕಡೆಯ ಒಂದು ಸಣ್ಣ ಕಾಫಿ ತೋಟದ ಮನೆ ನಮ್ಮದು. ನನಗಿರುವುದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ನನ್ನ ಮೈಯಲ್ಲಿ ತಯಾರಾಗುವುದಿಲ್ಲ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಉಸಿರು ಮತ್ತು ಹೃದಯ, ಹೀಗೆ ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ. 6 ವರ್ಷದವನಿದ್ದಾಗ ನೆಲದಿಂದ ಏಳಬೇಕಾದರೆ ತೊಡೆಗೆ ಕೈಯೂರಿಕೊಂಡು ಏಳುತ್ತಿದ್ದೆ. ಅದನ್ನು ನೋಡಿಯೇ ಡಾಕ್ಟರಿಗೆ ಅನುಮಾನ ಬಂತು. "ಇಂಥ ಮಕ್ಕಳು ಇಪ್ಪತ್ತು ದಾಟುವುದು ಕಷ್ಟ" ಎಂದು ಅಪ್ಪ ಅಮ್ಮನಿಗೆ ಆಗಲೇ ಹೇಳಿದ್ದರು.

ಆ ಒಂದು ಮಾತಿನ ಮೇಲೆಯೇ ನಮ್ಮ ಮನೆ ನಡೆಯಿತು. ಪ್ರೀತಿಗೆ ಏನೂ ಕಮ್ಮಿ ಇರಲಿಲ್ಲ. ಅಕ್ಕನಿಗೆ ಬೈಗುಳ ಬೀಳುತ್ತಿದ್ದ ತಪ್ಪಿಗೆ ನನಗೆ ಬೀಳುತ್ತಿರಲಿಲ್ಲ. ದೊಡ್ಡವರಾದ ಮೇಲೆ ಏನಾಗ್ತೀರಿ ಅಂತ ಹುತ್ತರಿ ಹಬ್ಬಕ್ಕೆ ಬಂದ ನೆಂಟರು ಎಲ್ಲ ಮಕ್ಕಳನ್ನೂ ಕೇಳುತ್ತಿದ್ದರು. ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಸ್ಟೀರಾಯ್ಡ್ ಮಾತ್ರೆ, ಹೃದಯದ ಮಾತ್ರೆ, ರಾತ್ರಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮೆಷಿನ್ ಬಂದವು. ಇವುಗಳಿಂದಾಗಿ ನನ್ನಂಥ ಹಲವರು ಈಗ ಮೂವತ್ತರ ಆಚೆಗೂ ಬದುಕುತ್ತಿದ್ದಾರೆ. ನಾನೂ ಹದಿನೆಂಟು ದಾಟಿದೆ. ದಾಟಿದ ಮೇಲೆ ಏನು ಅನ್ನುವುದಕ್ಕೆ ಮನೆಯಲ್ಲೂ ಆಸ್ಪತ್ರೆಯಲ್ಲೂ ತಯಾರಿ ಇರಲಿಲ್ಲ. ಅದನ್ನು ನಾನೇ ಹೇಗೆ ಮಾಡಿಕೊಂಡೆ ಅಂತ ಬರೆಯುತ್ತಿದ್ದೇನೆ. ನನ್ನಂಥ ಹುಡುಗರು ಇದ್ದರೆ ಅವರಿಗಾಗಿ, ಅವರ ಅಮ್ಮಂದಿರಿಗಾಗಿ.

ಹದಿನೆಂಟು ತುಂಬಿದ ತಿಂಗಳು ನಾನು ಹೋಗುತ್ತಿದ್ದ ಮಕ್ಕಳ ವಿಭಾಗದವರು, ಇನ್ನು ಇಲ್ಲಿಗೆ ಬರುವುದು ಬೇಡ, ದೊಡ್ಡವರ ವಿಭಾಗಕ್ಕೆ ಹೋಗಿ ಎಂದರು. ಅಲ್ಲಿನ ಡಾಕ್ಟರು ಹೊಸಬರು. ನನ್ನ ಎದುರಿಗೇ ಅಮ್ಮನನ್ನು ಕೇಳಿದರು, "ರಾತ್ರಿ ನಿದ್ದೆ ಮಾಡ್ತಾನಾ? ಬೆಳಿಗ್ಗೆ ತಲೆನೋವು ಅಂತಾನಾ?" ತಲೆನೋವು ಬರುತ್ತಿದ್ದದ್ದು ನನಗೆ. ಉತ್ತರ ಹೇಳಿದ್ದು ಅಮ್ಮ. ಅವಳು ಹೇಳಿದ್ದು ತಪ್ಪಾಗಿತ್ತು, ಏಕೆಂದರೆ ಅವಳಿಗೆ ಗಾಬರಿಯಾಗಬಾರದು ಅಂತ ನಾನೇ ಮುಚ್ಚಿಟ್ಟಿದ್ದೆ.

ಮುಂದಿನ ಸಲ ಹೋದಾಗ "ಅಮ್ಮ, ನೀನು ಸ್ವಲ್ಪ ಹೊರಗೆ ಕೂತಿರು" ಎಂದೆ. ಅವಳ ಮುಖ ನೋಡಲು ಆಗಲಿಲ್ಲ. ಹನ್ನೆರಡು ವರ್ಷ ನನ್ನನ್ನು ಎತ್ತಿಕೊಂಡು ಬಸ್ಸು ಹತ್ತಿದವಳು ಅವಳು. ಒಳಗೆ ನಾನು ಮೊದಲು ಕೇಳಿದ್ದು ನನ್ನ ಹೃದಯ ಹೇಗಿದೆ ಅಂತ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಇಜೆಕ್ಷನ್ ಫ್ರಾಕ್ಷನ್ 45 ಇದೆ ಎಂದರು. ಅಂದರೆ ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ 45 ಭಾಗವನ್ನು ಹೊರಗೆ ತಳ್ಳುತ್ತದೆ. 55ರ ಮೇಲಿದ್ದರೆ ಸಾಮಾನ್ಯ. ಎರಡು ವರ್ಷದಿಂದ ಅದು ಇಳಿಯುತ್ತಿತ್ತು. ಅಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ತಲೆನೋವು ಮುಚ್ಚಿಟ್ಟಿದ್ದೆ, ಅವಳು ಹೃದಯ ಮುಚ್ಚಿಟ್ಟಿದ್ದಳು. ಆ ದಿನ ಕ್ಯಾಂಟೀನಿನಲ್ಲಿ ಇಬ್ಬರೂ ಅತ್ತೆವು. ಇನ್ನು ಮುಂದೆ ರಿಪೋರ್ಟ್ ಮೊದಲು ನನ್ನ ಕೈಗೆ ಬರಬೇಕು, ನಾನೇ ಓದಿ ಹೇಳುತ್ತೇನೆ ಎಂದೆ. ಒಪ್ಪಿದಳು. ಒಪ್ಪಲು ಅವಳಿಗೆ ವಾರಗಟ್ಟಲೆ ಹಿಡಿಯಿತು ಅನ್ನುವುದೂ ನಿಜ.

ಆಮೇಲೆ ಒಂದು ಹಾಳೆ ಮಾಡಿಕೊಂಡೆ. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್. ಲ್ಯಾಮಿನೇಟ್ ಮಾಡಿಸಿ ವೀಲ್‌ಚೇರಿನ ಹಿಂದಿನ ಚೀಲದಲ್ಲಿ ಇಟ್ಟಿದ್ದೇನೆ. ರಾತ್ರಿ ಎರಡು ಗಂಟೆಗೆ ಯಾವುದೋ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದರೆ ಅಲ್ಲಿರುವವರು ಈ ಕಾಯಿಲೆಯವರನ್ನು ನೋಡಿರದೆ ಇರಬಹುದು. ಹಾಳೆಯಲ್ಲಿ ಮೂರು ಮಾತನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಉಸಿರು ಕಟ್ಟಿದೆ ಅಂತ ಬರೀ ಆಕ್ಸಿಜನ್ ಕೊಟ್ಟು ಬಿಡಬೇಡಿ. ನನಗಾಗುವ ತೊಂದರೆ ಗಾಳಿ ಎಳೆಯುವ ಬಲ ಸಾಲದ್ದು, ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರಿಕೊಳ್ಳುತ್ತದೆ, ಬೈಪ್ಯಾಪ್ ಹಾಕಿ. ಅರಿವಳಿಕೆ ಕೊಡಬೇಕಾದರೆ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಬೇಡವೇ ಬೇಡ, ಹೃದಯ ನಿಲ್ಲಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಕೂತು, ಅವರು ತಿದ್ದಿದ ಮೇಲೆ ಮಾಡಿದ ಹಾಳೆ ಇದು. ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಇದೊಂದನ್ನು ಮಾಡಿಕೊಳ್ಳಿ.

ಕೊಡಗಿನ ಮಳೆಗಾಲದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಜೂನ್ ಬಂತೆಂದರೆ ಮರ ಬೀಳುತ್ತದೆ, ಲೈನ್ ಹೋಗುತ್ತದೆ, ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ನಮ್ಮ ಮನೆಗೆ ಐದು ದಿನ ಕರೆಂಟ್ ಇರಲಿಲ್ಲ. ದಾರಿಯೂ ಇರಲಿಲ್ಲ. ಮನೆಯ ಇನ್ವರ್ಟರ್ ಮೊದಲ ರಾತ್ರಿಯೇ ಕೈಕೊಟ್ಟಿತು. ಉಳಿದ ರಾತ್ರಿ ನಾನು ಒರಗಿಕೊಂಡು ಕೂತೇ ಕಳೆದೆ. ಉಸಿರು ಸಣ್ಣಗಾದಾಗಲೆಲ್ಲ ಅಪ್ಪ ಮತ್ತು ಚಿಕ್ಕಪ್ಪನ ಮಗ ಸರದಿಯ ಮೇಲೆ ಆಂಬು ಬ್ಯಾಗ್, ಅಂದರೆ ಕೈಯಲ್ಲಿ ಒತ್ತಿ ಗಾಳಿ ತುಂಬುವ ಚೀಲ, ಒತ್ತಿದರು. ಆ ಐದು ದಿನದಲ್ಲಿ ನಾನು ಕಲಿತದ್ದು ತುಂಬಾ ಇದೆ. ಈಗ ಬೈಪ್ಯಾಪಿಗೆ ಅಂತಲೇ ಬೇರೆ ಬ್ಯಾಟರಿ ಇದೆ, ಅದರಿಂದ ಟಿವಿ, ಫ್ಯಾನು ಯಾವುದೂ ಓಡುವುದಿಲ್ಲ. ಮೆಷಿನ್ನಿಗೆ ನೇರವಾಗಿ 12 ವೋಲ್ಟಿನ ಕೇಬಲ್ ತರಿಸಿದೆ. ಬ್ಯಾಟರಿಯಲ್ಲಿ ಓಡಿಸುವಾಗ ನೀರು ಬಿಸಿ ಮಾಡುವ ಹ್ಯೂಮಿಡಿಫೈಯರನ್ನು ಆಫ್ ಮಾಡುತ್ತೇನೆ, ಹೆಚ್ಚು ಕರೆಂಟ್ ಎಳೆಯುವುದು ಅದೇ. ಜೀಪಿನ ಬ್ಯಾಟರಿಗೆ ಸಿಕ್ಕಿಸುವುದು ಹೇಗೆ ಅಂತಲೂ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೇ ತಿಂಗಳಲ್ಲಿ ಒಂದು ರಾತ್ರಿ ಬೇಕೆಂದೇ ಮೇನ್ ಸ್ವಿಚ್ ಆರಿಸಿ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅಂತ ನೋಡುತ್ತೇವೆ. ಬ್ಯಾಟರಿ ಮೇಲೆ ಬರೆದಿರುವ ಗಂಟೆಯನ್ನು ನಂಬಬೇಡಿ.

ಮಳೆಗಾಲದ ಇನ್ನೊಂದು ಶತ್ರು ಶೀತ. ನಮ್ಮಂಥವರಿಗೆ ಕೆಮ್ಮಲು ಬಲವಿಲ್ಲ, ಕಫ ಒಳಗೇ ಉಳಿದು ನ್ಯುಮೋನಿಯಾ ಆಗುತ್ತದೆ. ಆಂಬು ಬ್ಯಾಗಿನಿಂದ ಎರಡು ಮೂರು ಸಲ ಗಾಳಿ ಒಂದರ ಮೇಲೊಂದು ತುಂಬಿಕೊಂಡು, ನಾನು ಕೆಮ್ಮುವ ಹೊತ್ತಿಗೆ ಸರಿಯಾಗಿ ಹೊಟ್ಟೆಯ ಮೇಲ್ಭಾಗ ಒತ್ತಿಸಿಕೊಳ್ಳುತ್ತೇನೆ. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು. ಚೆನ್ನಾಗಿದ್ದ ದಿನವೂ ಎರಡು ಹೊತ್ತು ಮಾಡುತ್ತೇನೆ.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ವರ್ಷಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡರೆ ಎತ್ತರ ಬೆಳೆಯುವುದಿಲ್ಲ, ಹರೆಯವೂ ತಡವಾಗುತ್ತದೆ. ಹತ್ತೊಂಬತ್ತಾದರೂ ನನಗೆ ಮೀಸೆ ಬಂದಿರಲಿಲ್ಲ, ಮುಖ ಗುಂಡಗೆ ಮಗುವಿನ ಹಾಗಿತ್ತು. ಸಂತೆಗೆ ಹೋದರೆ "ಎಷ್ಟನೇ ಕ್ಲಾಸು ಪುಟ್ಟ?" ಅಂತ ಕೇಳುತ್ತಿದ್ದರು. ರಾತ್ರಿ ಅದನ್ನೇ ನೆನೆದು ನಿದ್ದೆ ಬರುತ್ತಿರಲಿಲ್ಲ. ಇದನ್ನೂ ಅಮ್ಮ ಹೊರಗೆ ಕೂತಿದ್ದಾಗಲೇ ಕೇಳಿದ್ದು. ಇದಕ್ಕೆ ಹಾರ್ಮೋನ್ ಚಿಕಿತ್ಸೆ ಇದೆ ಎಂದರು, ಶುರು ಮಾಡಿದರು. ಮೊದಲ ಸಲ ಅಪ್ಪ ನನಗೆ ಶೇವ್ ಮಾಡಿದ ಬೆಳಿಗ್ಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೈ ತೊಳೆಯುವುದು, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲ ಅಮ್ಮನೇ ಮಾಡುತ್ತಿದ್ದಳು. ಇಪ್ಪತ್ತೆರಡಕ್ಕೆ ಅದನ್ನು ಬದಲಾಯಿಸಿದೆ. ತೋಟದ ಕೆಲಸದವರಿರುವ ನಮ್ಮ ಲೈನ್ ಮನೆಯ ಒಬ್ಬ ಅಣ್ಣ ಈಗ ಬೆಳಿಗ್ಗೆ ಮತ್ತು ರಾತ್ರಿ ಬರುತ್ತಾರೆ. ಸಂಬಳ ನಾನು ಕೊಡುತ್ತೇನೆ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಿಂದಲೇ ಬಿ.ಕಾಂ ಮುಗಿಸಿ, ಸುತ್ತಲಿನ ನಾಲ್ಕು ತೋಟಗಳ ಲೆಕ್ಕ ಬರೆಯುತ್ತೇನೆ. ಕುಯ್ಲಿನ ಸಮಯದಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ಸಂಜೆ ಫೋನಿನಲ್ಲಿ ತೂಕ ಹೇಳುತ್ತಾರೆ. ಎರಡು ಬೆರಳು ಇನ್ನೂ ಆಡುತ್ತವೆ. ಅಷ್ಟು ಸಾಕು.

ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದಾಗ ಸಹಿ ಹಾಕಲು ಬಾರದು, ಗಾರ್ಡಿಯನ್ ಬೇಕು ಎಂದರು. ನನ್ನ ಬುದ್ಧಿಗೆ ಏನೂ ಆಗಿಲ್ಲ, ಹೆಬ್ಬೆಟ್ಟು ಒತ್ತುತ್ತೇನೆ, ಸಾಕ್ಷಿ ಹಾಕಿಸಿ ಎಂದೆ. ಮೂರು ಸಲ ಹೋದ ಮೇಲೆ ಕೆಲಸ ಆಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ನಮ್ಮ ಕಾಯಿಲೆ ಇದೆ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಿಕೊಂಡಿರಿ.

ಅಕ್ಕನ ಮದುವೆ ಮಾತು ಬಂದಾಗ ಮನೆಯಲ್ಲಿ ಮತ್ತೆ ಮೌನ ಕವಿಯಿತು. ಈ ಕಾಯಿಲೆ ತರುವ ಜೀನ್ ಅಮ್ಮನಿಂದ ಬಂದದ್ದಾದರೆ ಅಕ್ಕನಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಮೂರರಲ್ಲಿ ಒಂದು ಪಾಲು ಹುಡುಗರಲ್ಲಿ ಅದು ಅಮ್ಮನಿಂದ ಬಂದಿರುವುದೇ ಇಲ್ಲ, ಹೊಸದಾಗಿ ಆಗಿರುತ್ತದೆ. ನಮ್ಮಲ್ಲಿ ಅಮ್ಮನಲ್ಲಿತ್ತು, ಪರೀಕ್ಷೆ ಮಾಡಿಸಿದರೆ ಅಕ್ಕನಲ್ಲೂ ಇತ್ತು. ಹುಡುಗನಿಗೆ ಅಕ್ಕನೇ ಹೇಳಿದಳು. ಭಾವ ಕೇಳಿಸಿಕೊಂಡು, ಡಾಕ್ಟರ ಹತ್ತಿರ ತಾನೂ ಬಂದರು. ಜೀನ್ ಇರುವ ಹೆಂಗಸರ ಹೃದಯಕ್ಕೂ ತೊಂದರೆ ಬರಬಹುದು ಅಂತ ಆಗಲೇ ತಿಳಿದದ್ದು. ಈಗ ನನ್ನ ಜೊತೆಗೆ ಅಮ್ಮ, ಅಕ್ಕನೂ ಎಕೋ ಮಾಡಿಸುತ್ತಾರೆ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಕಷ್ಟದ ಮಾತು. ಮುಂದೊಂದು ದಿನ ಬೈಪ್ಯಾಪಿನ ಮಾಸ್ಕ್ ಸಾಲದಾದಾಗ ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕಬೇಕೇ, ಬೇಡವೇ? ಆಗ ಮಾತಾಡುವ ಸ್ಥಿತಿಯಲ್ಲಿ ನಾನಿಲ್ಲದಿದ್ದರೆ ಅಮ್ಮ ಹೇಳಬೇಕಾಗುತ್ತದೆ. ಆ ಭಾರ ಅವಳ ಮೇಲೆ ಬೀಳಬಾರದು. ಇಂಥ ಇಚ್ಛೆಯನ್ನು ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸುಲಭ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ, ಅಷ್ಟು ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿತು. ಆ ವರ್ಷವೇ ಬರೆಸಿದೆ. ನನ್ನ ಪರವಾಗಿ ಮಾತಾಡಲು ಅಕ್ಕನ ಹೆಸರು ಹಾಕಿದೆ. ಏನು ಬೇಕು, ಏನು ಬೇಡ ಎಂದು ಬರೆದೆನೋ ಅದು ನಮ್ಮ ಮನೆಯವರಿಗೆ ಗೊತ್ತು. ಮನಸ್ಸು ಬದಲಾದರೆ ತಿದ್ದಿಸಬಹುದು.

ಅಪ್ಪನಿಗೆ ಆ ಪತ್ರವನ್ನು ಕಣದಲ್ಲಿ ಕೊಟ್ಟೆ. ಕಾಫಿ ಒಣಗಲು ಹರವಿದ್ದರು. ನಿಂತಲ್ಲೇ ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಒಳಗೆ ಹೋಗಿ ತೋಟದ ಆರ್‌ಟಿಸಿ ಇಡುವ ಟ್ರಂಕಿನಲ್ಲಿ ಅದನ್ನಿಟ್ಟು, ಹೊರಗೆ ಬಂದು ಬಹಳ ಹೊತ್ತು ನನ್ನ ಪಕ್ಕದಲ್ಲೇ ಕೂತರು. ಆಮೇಲೆ ಕೇಳಿದರು, "ನಾಳೆ ಬಟವಾಡೆಯ ಲೆಕ್ಕ ಆಯ್ತಾ?"