ಫ್ರೀವೀಲ್ ಇಲ್ಲದ ಸೈಕಲ್ಲಿನಿಂದ ಇಳಿದ ಮೇಲೆ

ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಕಾಲು ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಫ್ರೀವೀಲ್ ಕೂಡ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ಗುರಿ ಮುಟ್ಟಿದ ಮೇಲೂ ಒಂದೆರಡು ಸುತ್ತು ನಿಧಾನವಾಗಿ ಕಾಲಾಡಿಸಿಯೇ ಇಳಿಯಬೇಕು. ವಿಜಯಪುರದಲ್ಲಿ ಹನ್ನೊಂದು ವರ್ಷ ಸೈಕಲ್ ಹೊಡೆದ ನಾನು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹೆದ್ದಾರಿಯಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡ ದಿನವೇ ಎಲ್ಲವನ್ನೂ ಬಿಟ್ಟೆ.

ಊಟ ಮಾತ್ರ ಬಿಡಲಿಲ್ಲ. ದಿನಕ್ಕೆ 100 ಕಿ.ಮೀ. ಹೋಗುವವನ ಹಸಿವೆ, ಸಹಕಾರಿ ಸಂಘದ ಕೌಂಟರಿನಲ್ಲಿ ಕುಳಿತವನಿಗೂ ಹಾಗೆಯೇ ಉಳಿದಿತ್ತು. ರಾತ್ರಿ ಆರು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎರಡು ವರ್ಷಗಳಲ್ಲಿ 64 ಕೆ.ಜಿ. ಇದ್ದವನು 83 ಆದೆ. ಎದ್ದ ಕೂಡಲೇ ಎಣಿಸಿದರೆ 48 ಇರುತ್ತಿದ್ದ ನಾಡಿ 70 ದಾಟಿತ್ತು. ಅದಕ್ಕಿಂತ ಚುಚ್ಚಿದ್ದು ವ್ಯಾಕರಣ. ಮದುವೆ ಮನೆಗಳಲ್ಲಿ ಅಪ್ಪ ನನ್ನನ್ನು "ಇವನು ಸೈಕಲ್ ಹೊಡೆಯುತ್ತಿದ್ದ" ಎಂದು ಪರಿಚಯಿಸುತ್ತಿದ್ದರು.

ಮೂರು ಸಲ ಶುರುಮಾಡಿ ಮೂರು ಸಲವೂ ಬಿಟ್ಟೆ. ರೇಸಿಂಗ್ ಸೈಕಲ್ಲಿಗೆ ಮೀಟರ್ ಕಟ್ಟಿಕೊಂಡು ಸೋಲಾಪುರ ರಸ್ತೆಯಲ್ಲಿ ಹೊರ್ತಿಯತ್ತ ಹೊರಡುವುದು, ಡೈರಿಯಲ್ಲಿನ ಹಳೆಯ ಸಮಯದ ಪಕ್ಕ ಇಂದಿನದನ್ನು ಬರೆಯುವುದು, ಹದಿನೈದು ದಿನಕ್ಕೆ ಸೈಕಲ್ ಮತ್ತೆ ಮೂಲೆಗೆ. ತರಬೇತಿ ನಿಂತ ಕೆಲವೇ ವಾರಗಳಲ್ಲಿ ದಮ್ಮು ಇಳಿಯುತ್ತದೆಂದು ಕೋಚ್ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಡೈರಿಯೊಂದಿಗೆ ಜಗಳಕ್ಕೆ ನಿಂತಿದ್ದೆ.

ನಾಲ್ಕನೆಯ ಸಲ ಕ್ಯಾರಿಯರ್, ಸ್ಟ್ಯಾಂಡ್, ಗಂಟೆ ಎಲ್ಲ ಇರುವ ಹಳೆಯ ಸೈಕಲ್ ಕೊಂಡೆ. ಮೀಟರ್ ಇಲ್ಲ. ಭೂತನಾಳ ಕೆರೆಯವರೆಗೆ ಹೋಗಿ ಬರುವುದು, ಪಕ್ಕದವರೊಡನೆ ಮಾತನಾಡಲು ಉಸಿರು ಉಳಿಯುವಷ್ಟೇ ವೇಗದಲ್ಲಿ. ಆಷಾಢದ ಗಾಳಿ ಎದುರಾದರೆ ಇಳಿದು ತಳ್ಳುತ್ತೇನೆ. ಮೊದಲ ಸಲ ಇಳಿದಾಗ, ಪರಿಚಯದವರು ಯಾರಾದರೂ ಕಂಡರೇನೋ ಎಂದು ಹಿಂದೆ ಮುಂದೆ ನೋಡಿದ್ದು ನಿಜ. ಸೈಕಲ್ ಹೊಡೆಯುವವರ ಕಾಲು ಗಟ್ಟಿ, ಭುಜ ಸಪ್ಪೆ. ಅದಕ್ಕೆ ವಾರದಲ್ಲಿ ಎರಡು ದಿನ ದಂಡ ಹೊಡೆಯುತ್ತೇನೆ. ರೊಟ್ಟಿ ಮೂರಕ್ಕೆ ಇಳಿಯಿತು. ಹಿಂಡಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಈಗ ತೂಕ 72.

ಭಾನುವಾರ ಓಣಿಯ ಹುಡುಗರು ಚಕ್ರ ಹೊತ್ತು ತರುತ್ತಾರೆ, ರಿಮ್ಮಿನ ಬೆಂಡ್ ತೆಗೆಸಲು. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಫೋರ್ಕಿಗೆ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿದರೆ, ಬಾಗಿದ ಕಡೆ ಮಾತ್ರ ಬಿಳಿ ಗೆರೆ ಬೀಳುತ್ತದೆ. ಗೆರೆ ಬಿದ್ದ ಬದಿಯ ಸ್ಪೋಕನ್ನು ಕಾಲು ಸುತ್ತು ಸಡಿಲಿಸಿ, ಎದುರು ಬದಿಯದನ್ನು ಕಾಲು ಸುತ್ತು ಬಿಗಿಯಬೇಕು. ಬೆರಳಿನಿಂದ ಮೀಟಿದರೆ ಸಡಿಲವಾದದ್ದು ಮಂದವಾಗಿ ನುಡಿಯುತ್ತದೆ. ಈ ಹುಡುಗರಿಗೆ ನಾನು ಬೆಂಡ್ ಕಾಕಾ, ಅಷ್ಟೇ. ಕಳೆದ ವಾರ ಅವರಲ್ಲೊಬ್ಬ ಪರ್ಸ್ಯೂಟ್‌ನಲ್ಲಿ, ಅಂದರೆ ಇಬ್ಬರು ಟ್ರ್ಯಾಕಿನ ಎದುರುಬದುರಿನಿಂದ ಹೊರಡುವ ರೇಸಿನಲ್ಲಿ, ನನ್ನ ಹಳೆಯ ಸಮಯಕ್ಕಿಂತ ಮೂರು ಸೆಕೆಂಡ್ ಬೇಗ ಮುಗಿಸಿದ. ಆ ಸಮಯ ಯಾರದೆಂದು ಅವನಿಗೆ ಹೇಳಿಲ್ಲ. ಅವನ ಹಿಂದಿನ ಚಕ್ರದಲ್ಲಿ ಇನ್ನೂ ಕೂದಲೆಳೆಯಷ್ಟು ಬೆಂಡ್ ಉಳಿದಿದೆ, ಈ ಭಾನುವಾರ ನೋಡಬೇಕು.